ಕೆಂಪು ಬಟ್ಟೆ ಕಟ್ಟಿದ ಮೇಲೆ

ಮಾರ್ಚ್ ೬

ಮಗಳಿಗೆ,

ಈ ಪತ್ರ ಬರೆಯುತ್ತಿರುವವಳು ನಿನ್ನ ತಾಯಿ ಹೌದು. ಆದರೆ ಮೊದಲು ಈ ಶೆಡ್ಡಿನ ಯಜಮಾನಿ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಈ ಕೆಲಸವನ್ನು ಇಪ್ಪತ್ತಾರು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ. ನಾಲ್ಕು ಲಾರಿ, ಹನ್ನೊಂದು ಜನ. ನಾನು ಹೈಸ್ಕೂಲಿನಾಚೆ ಓದಿದವಳಲ್ಲ. ಆದರೆ ದೊಡ್ಡ ಓದು ಓದಿದವರ ಗಾಡಿಗಳು ಹಳ್ಳಕ್ಕೆ ಬಿದ್ದಾಗ ಮೇಲೆತ್ತಿದವಳು ನಾನೇ. ನಮ್ಮ ಕೊಕ್ಕೆಗೆ ಸಿಕ್ಕ ಗಾಡಿ ಸಿಕ್ಕಾಗ ಹೇಗಿತ್ತೋ ಹಾಗೆಯೇ ಊರು ಸೇರಿದೆ, ಒಂದು ಗೀರೂ ಹೆಚ್ಚಿಗೆ ಬಿದ್ದದ್ದಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಈ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆ ಹೆಸರಿಗೆ ಮೊದಲ ಕಲೆ ಹತ್ತಿದ್ದು ನಿನ್ನ ಜೀಪಿನಿಂದ.

ಗುಜರಿಯಿಂದ ತಂದ ಮುರುಕು ಜೀಪನ್ನು ಮೂರು ವರ್ಷ ಬಿಡದೆ ಕೂತು ಕಟ್ಟಿದೆ. ಬೇಡ ಅನ್ನಲಿಲ್ಲ. ಅದನ್ನು ಆರುನೂರ ನಲವತ್ತು ಕಿಲೋಮೀಟರ್ ಆಚೆಗೆ ಒಯ್ದು, ತಂಡದ ಜೊತೆ ಒಂಬತ್ತು ದಿನ ಕಣಿವೆಯ ಕಲ್ಲುಹಾದಿಯಲ್ಲಿ ಓಡಿಸುತ್ತೇನೆ ಅಂದೆ. ಆಗಲೂ ಬೇಡ ಅನ್ನಲಿಲ್ಲ. ಆ ದಪ್ಪ ಹಲ್ಲಿನ ಟೈರುಗಳನ್ನು ಹೆದ್ದಾರಿಯಲ್ಲಿ ಸವೆಸಬಾರದೆಂದು ನಮ್ಮ ಒಂದನೇ ನಂಬರಿನ ಲಾರಿಯನ್ನೇ ಕೊಟ್ಟೆ. ನೀನೇ ಟೋ ಬಾರ್ ಹಾಕಿ ಜೀಪಿನ ಮೂತಿಯನ್ನು ಲಾರಿಗೆ ಬಿಗಿದೆ. ಎಲ್ಲ ನೋಡಿಯಾಯಿತು ಎಂಬ ಗುರುತಿಗೆ ನೀನೇ ಕೆಂಪು ಬಟ್ಟೆ ಕಟ್ಟಿದೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವಾಗ ಜೀಪಿನ ದೊಡ್ಡ ಗೇರೂ ಅದರ ಪಕ್ಕದ, ಚಕ್ರಗಳಿಗೆ ಬಲ ಹಾಯಿಸುವ ಸಣ್ಣ ಗೇರೂ ಎರಡೂ ನ್ಯೂಟ್ರಲ್‌ನಲ್ಲಿರಬೇಕು ಎಂಬುದನ್ನು ನಮ್ಮ ಶೆಡ್ಡಿನ ಬೆಕ್ಕನ್ನು ಕೇಳಿದರೂ ಹೇಳುತ್ತದೆ. ನಾನೂರ ಹತ್ತನೇ ಕಿಲೋಮೀಟರಿನಲ್ಲಿ ಸುಟ್ಟ ವಾಸನೆ ಬಂದು ನೀನು ಇಳಿದು ನೋಡಿದಾಗ ಸಣ್ಣ ಗೇರ್ ಎಲ್ಲಿತ್ತು? ಹಾಕಿಯೇ ಇತ್ತು. ಇಂಜಿನ್ ಆಡದೆ, ಎಣ್ಣೆ ಮೇಲೇರದೆ, ಚಕ್ರಗಳು ಗೇರ್ ಬಾಕ್ಸನ್ನು ಒಣಗಿದ್ದಂತೆಯೇ ತಿರುಗಿಸಿ ತಿರುಗಿಸಿ ಸುಟ್ಟು ಹಾಕಿದವು.

ಕೊಕ್ಕೆ ಹಾಕಿದವರದೇ ಹೊಣೆ. ಬಟ್ಟೆ ಕಟ್ಟಿದ ಮೇಲೆ ಇನ್ನೊಬ್ಬರ ಕೈ ಆ ಗಾಡಿಗೆ ಸೋಕಬಾರದು. ಈ ಕಟ್ಟಳೆ ಮಾಡಿದವಳು ನಾನು, ಮಗಳಿಗೆಂದು ಮುರಿಯಲಾರೆ. ನಿನ್ನೆ ಎಲ್ಲರ ಎದುರು ಕೊಕ್ಕೆ ಹಾಕುವವರ ಹಲಗೆಯ ಮೇಲಿದ್ದ ನಿನ್ನ ಹೆಸರು ಅಳಿಸಿದ್ದೇನೆ. ಇನ್ನು ನೀನು ನಮ್ಮ ಶೆಡ್ಡಿನಲ್ಲಿ ಕೊಕ್ಕೆ ಹಾಕುವಂತಿಲ್ಲ.

ಡ್ರೈವರ್ ಉದ್ದಣ್ಣ ಬಂದು ಲಾರಿಯನ್ನೂ ಜೀಪನ್ನೂ ವಾಪಸು ತಂದ. ನೀನು ಬರಲಿಲ್ಲ, ತಂಡದವರ ಗಾಡಿ ಹತ್ತಿ ಮುಂದೆ ಹೋದೆ. ಫೋನ್ ಮಾಡಿದರೆ ನೀನೂ ಕೂಗುತ್ತೀಯ, ನಾನೂ ಕೂಗುತ್ತೇನೆ. ಕಾಗದದಲ್ಲಿ ಕೂಗುವುದಕ್ಕಾಗುವುದಿಲ್ಲ. ಅದಕ್ಕೇ ಬರೆದೆ.

ಶೆಡ್ಡಿನ ಯಜಮಾನಿ


ಮಾರ್ಚ್ ೧೭

ಯಜಮಾನಿಯವರಿಗೆ,

ಮನೆಯಲ್ಲಿ ನೀನು, ಶೆಡ್ಡಿನಲ್ಲಿ ನೀವು. ಚಿಕ್ಕಂದಿನಿಂದ ನೀವು ಕಲಿಸಿದ್ದು ಹಾಗೆಯೇ. ಪತ್ರ ಬರೆದವರು ಯಜಮಾನಿ, ಆದ್ದರಿಂದ ನೀವು ಎಂದೇ ಉತ್ತರಿಸುತ್ತೇನೆ.

ಆ ಬೆಳಗ್ಗೆ ನಾನು ಮಾಡಿದ್ದು ಇಷ್ಟು. ಟೋ ಬಾರ್ ಬಿಗಿದೆ. ಎರಡೂ ಪಿನ್ನು ಹಾಕಿ ಸುತ್ತಿಗೆಯಿಂದ ತಟ್ಟಿ ನೋಡಿದೆ. ಜೀಪಿನ ದೊಡ್ಡ ಗೇರನ್ನು ಒಂದಕ್ಕೆ ಹಾಕಿದೆ, ಸಣ್ಣ ಗೇರನ್ನು ನ್ಯೂಟ್ರಲ್ ಮಾಡಿದೆ. ಲಾರಿಯನ್ನು ಎರಡು ಮಾರು ಮುಂದೆ ತಂದೆ. ಜೀಪು ನೀರಿನ ಹಾಗೆ ಉರುಳಿತು. ಸಣ್ಣ ಗೇರ್ ಬಿದ್ದಿದ್ದರೆ ಹಾಗೆ ಉರುಳುತ್ತಿತ್ತೇ? ಚಕ್ರ ಕಚ್ಚಿಕೊಂಡು ನೆಲಕ್ಕೆ ಉಜ್ಜಿಕೊಂಡು ಬರುತ್ತಿತ್ತು. ಈ ಪರೀಕ್ಷೆ ನನಗೆ ಹೇಳಿಕೊಟ್ಟವರು ನೀವೇ, ಹನ್ನೆರಡನೇ ವಯಸ್ಸಿಗೆ. ಆಮೇಲೆ ದೊಡ್ಡ ಗೇರನ್ನೂ ನ್ಯೂಟ್ರಲ್ ಮಾಡಿದೆ. ಕನ್ನಡಿಗೆ ಬಟ್ಟೆ ಕಟ್ಟಿದೆ. ಚಹಾ ಕುಡಿಯಲು ಒಳಗೆ ಬಂದೆ. ವಾಪಸು ಹೋಗಿ ಲಾರಿ ಹತ್ತಿ ಹೊರಟೆ.

ಬಟ್ಟೆ ಕಟ್ಟಿದ ಮೇಲೆ ಜೀಪಿನ ಒಳಗೆ ಇಣುಕಲಿಲ್ಲ, ನಿಜ. ಇಣುಕಬೇಕು ಅನ್ನಿಸಲಿಲ್ಲ. ನಮ್ಮ ಶೆಡ್ಡಿನಲ್ಲಿ ಬಟ್ಟೆಗೆ ಅಷ್ಟು ಬೆಲೆ ಇದೆ ಎಂದು ನಂಬಿದ್ದೆ.

ನಾನು ಇಲ್ಲಿ ಕಣಿವೆಯ ಬುಡದ ಕ್ಯಾಂಪಿನಲ್ಲಿದ್ದೇನೆ. ನನ್ನ ತಂಡ ನಾನಿಲ್ಲದೆಯೇ ಹತ್ತಿತು. ಬೇರೆಯವರ ಗಾಡಿಗಳು ಕೆಸರಿನಿಂದ, ಕಲ್ಲಿನ ಸಂದಿನಿಂದ ಅಳುತ್ತಾ ಇಳಿದು ಬರುತ್ತವೆ, ನಾನು ರಿಪೇರಿ ಮಾಡಿ ಕಳಿಸುತ್ತೇನೆ. ಮೇಲೆ ಸಿಕ್ಕಿಕೊಂಡವುಗಳನ್ನು ಎಳೆದು ತರುತ್ತೇನೆ. ಇಲ್ಲಿ ಯಾರೂ ನನ್ನ ಕೊಕ್ಕೆಯ ಬಗ್ಗೆ ಅನುಮಾನ ಪಟ್ಟಿಲ್ಲ.

ಹಲಗೆಯ ಮೇಲೆ ನನ್ನ ಹೆಸರು ಬರುವವರೆಗೆ ನಾನು ಆ ಗೇಟು ದಾಟುವುದಿಲ್ಲ. ಕರುಣೆಯಿಂದ ಬರೆಯಬೇಡಿ. ಸತ್ಯ ಅನ್ನಿಸಿದರೆ ಬರೆಯಿರಿ.

ನಿಮ್ಮ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೊಕ್ಕೆ ಹಾಕಿದವಳು


ಮಾರ್ಚ್ ೩೦

ಮಗಳಿಗೆ,

ನೀವು ನೀವು ಎಂದು ಚುಚ್ಚಿದ್ದು ಗೊತ್ತಾಯಿತು. ನನಗೆ ಚರ್ಮ ದಪ್ಪ.

ನೀನು ನ್ಯೂಟ್ರಲ್ ಮಾಡಿದೆ, ನಂಬೋಣ. ಹಾಗಾದರೆ ಗೇರ್ ಕಡ್ಡಿಗೆ ಕಾಲು ಬಂದು ನಡೆದುಹೋಯಿತೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಬೆಳಗ್ಗೆ ಶೆಡ್ಡಿನಲ್ಲಿ ಇದ್ದವರು ನೀನು, ನಾನು, ಗ್ರೀಸ್ ಮೇಸ್ತ್ರಿ ಮೂವರೇ. ಮೇಸ್ತ್ರಿ ಹಿಂದುಗಡೆ ಟೈರಿಗೆ ಗಾಳಿ ಹಿಡಿಯುತ್ತಿದ್ದ. ನಾನು ಜೀಪಿನ ಪಕ್ಕ ನಿಂತು ನೀನು ಹೊರಡುವುದನ್ನು ಕಾಯುತ್ತಿದ್ದೆ. ಯಾರೂ ಬಾಗಿಲು ತೆಗೆಯಲಿಲ್ಲ. ತೆಗೆದಿದ್ದರೆ ಅವರ ಕೈ ಮುರಿಯುವವಳು ನಾನಿದ್ದೆ.

ನಿನ್ನಣ್ಣ ಈಗ ನಿನ್ನ ಜಾಗದಲ್ಲಿದ್ದಾನೆ. ಲೆಕ್ಕಪತ್ರ ಬಲ್ಲವನು, ಕಾರಿನ ಮೂತಿ ಯಾವುದು ಬಾಲ ಯಾವುದು ಎಂದು ಎರಡು ಸಲ ನೋಡಿ ಕೊಕ್ಕೆ ಹಾಕುತ್ತಾನೆ. ಮೊನ್ನೆ ಬಂದು, "ಅಮ್ಮ, ಆ ಜೀಪು ಮೂಲೇಲಿ ಜಾಗ ತಿಂತಾ ಇದೆ, ಗುಜರಿಗೆ ಹಾಕಿಬಿಡೋಣ" ಅಂದ. "ಮೊದಲು ನಿನ್ನ ಹಾಕ್ತೀನಿ, ಆಮೇಲೆ ಜೀಪು" ಅಂದೆ. ಅದಕ್ಕೆ ಬೇರೆ ಅರ್ಥ ಹಚ್ಚಬೇಡ. ನಮ್ಮ ತಪ್ಪಿನಿಂದ ಕೆಟ್ಟದ್ದು ನಮ್ಮಲ್ಲಿಯೇ ರಿಪೇರಿಯಾಗಬೇಕು, ಅಷ್ಟೇ.

ತಪ್ಪಾಯಿತು ಎಂದು ಒಂದು ಸಾಲು ಬರೆ. ಹೆಸರು ಹಲಗೆಗೆ ಬರುತ್ತದೆ.

ಯಜಮಾನಿ


ಏಪ್ರಿಲ್ ೧೮

ಮಗಳಿಗೆ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯದಿದ್ದರೆ ಊಟ ಸೇರುವುದಿಲ್ಲ, ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಒಬ್ಬ ಗುತ್ತಿಗೆದಾರನ ಜೀಪು ಬಂತು. ನಿನ್ನದರ ಹಾಗೆಯೇ ಸಣ್ಣ ಗೇರ್ ಇರುವಂಥದ್ದು, ನಿನ್ನದರ ಹಾಗೆಯೇ ಕಿಟಕಿಗೆ ಗಾಜಿಲ್ಲ. ಉದ್ದಣ್ಣ ಟೋ ಬಾರ್ ಬಿಗಿದು ಬಟ್ಟೆ ಕಟ್ಟಿ ಹೋದ. ನಾನು ಜೀಪಿಗೆ ಒರಗಿ ಆ ಗುತ್ತಿಗೆದಾರನ ಹತ್ತಿರ ಮಾತಾಡುತ್ತಾ ನಿಂತಿದ್ದೆ. ಉದ್ದಣ್ಣ ಬಂದವನೇ ನನ್ನ ಪಕ್ಕದಿಂದ ಬಗ್ಗಿ ಕಿಟಕಿಯೊಳಗೆ ಕೈ ಹಾಕಿದ. ಬಟ್ಟೆ ಕಟ್ಟಿದ ಗಾಡಿಗೆ! ನನ್ನ ಕಣ್ಣೆದುರಿಗೇ!

"ಏಯ್, ಏನ್ ಮಾಡ್ತಿದೀಯ?" ಅಂದೆ.

"ಸಣ್ಣ ಗೇರ್ ತೆಗೀತಿದೀನಿ ಯಜಮಾನ್ರೇ."

"ತೆಗೆಯದೇ ಬಟ್ಟೆ ಕಟ್ಟಿದ್ಯಾ? ನಿನ್ನ ಹೆಸರೂ ಅಳಿಸ್ಲಾ?"

ಅವನು ನೆಲ ನೋಡಿದ. ಆಮೇಲೆ ಗುತ್ತಿಗೆದಾರನ ಮುಖ ನೋಡಿದ. ಆಮೇಲೆ ಮೆಲ್ಲಗೆ ಅಂದ, "ನಾನು ತೆಗೆದಿದ್ದೆ ಯಜಮಾನ್ರೇ. ನೀವು ಈಗ ಹಾಕಿದ್ರಿ."

"ನಾನಾ? ತಲೆ ಕೆಟ್ಟಿದ್ಯಾ ನಿಂಗೆ?"

"ನೀವು ಯಾವಾಗ್ಲೂ ಹಾಕ್ತೀರ. ಮಾತಾಡ್ತಾ ಮಾತಾಡ್ತಾ ಕೈ ಒಳಗೆ ಹೋಗುತ್ತೆ, ಹಾಕ್ಬಿಡ್ತೀರ. ನಿಮಗೇ ಗೊತ್ತಾಗಲ್ಲ. ನಾವು ಹೊರಡೋ ಮುಂಚೆ ಇನ್ನೊಂದ್ ಸಲ ನೋಡ್ಕೊಂಡು ತೆಗೀತೀವಿ. ಎಲ್ರೂ ಹಂಗೇ ಮಾಡೋದು."

ಗುತ್ತಿಗೆದಾರ ಕೆಮ್ಮಿ ದೂರ ಹೋದ. ನಾನು ನನ್ನ ಬಲಗೈ ನೋಡಿಕೊಂಡೆ. ಬೆರಳಿಗೆ ಗೇರ್ ಗುಂಡಿಯ ಎಣ್ಣೆ ಮೆತ್ತಿತ್ತು.

ನಿಮ್ಮಪ್ಪನ ಕಾಲು ಹೋದದ್ದು ಹೇಗೆಂದು ನಿನಗೆ ಗೊತ್ತು. ಆದರೆ ನಿನಗಾಗ ಎರಡು ವರ್ಷ, ನೋಡಿಲ್ಲ. ದೊಡ್ಡ ಗೇರ್ ಹಾಕಿ ನಿಲ್ಲಿಸಿದ್ದ ಜೀಪು. ಸಣ್ಣ ಗೇರ್ ಮಾತ್ರ ನ್ಯೂಟ್ರಲ್‌ನಲ್ಲಿ ಉಳಿದಿತ್ತು. ಅದು ಉಳಿದರೆ ದೊಡ್ಡದು ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಶೆಡ್ಡಿನ ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿ ಬಂದು ಅವರನ್ನು ಗೋಡೆಗೆ ಒತ್ತಿತು. ಅವರು ಮತ್ತೆ ಕ್ಲಚ್ ತುಳಿಯಲಿಲ್ಲ. ಸ್ಟಿಯರಿಂಗ್ ನನ್ನ ಕೈಗೆ ಬಂದದ್ದು ಹಾಗೆ. ಅಂದಿನಿಂದ ನ್ಯೂಟ್ರಲ್‌ನಲ್ಲಿರುವ ಸಣ್ಣ ಗೇರ್ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ, ತಾನೇ ಹೋಗಿ ಹಾಕಿಬಿಡುತ್ತದೆ.

ಆ ಬೆಳಗ್ಗೆಯೂ ನಾನು ನಿನ್ನ ಜೀಪಿಗೆ ಒರಗಿ ನಿಂತಿದ್ದೆ. ನೀನು ಒಳಗೆ ಚಹಾ ಕುಡಿಯುತ್ತಿದ್ದೆ. ಇವಳು ಮೊದಲ ಸಲ ಅಷ್ಟು ದೂರ ಒಬ್ಬಳೇ ಹೋಗುತ್ತಿದ್ದಾಳೆ ಎಂದು ಯೋಚಿಸುತ್ತಿದ್ದೆ. ಕೈ ಏನು ಮಾಡುತ್ತಿತ್ತೋ ನೋಡಲಿಲ್ಲ. ಆದರೆ ಈಗ ಗೊತ್ತು.

"ನನ್ ಮಗಳ ವಿಷಯ ನಿಂಗೆ ಗೊತ್ತಿತ್ತಾ?" ಅಂತ ಉದ್ದಣ್ಣನನ್ನು ಕೇಳಿದೆ.

"ಅನುಮಾನ ಇತ್ತು ಯಜಮಾನ್ರೇ."

"ಮತ್ತೆ ಬಾಯಲ್ಲಿ ಏನಿತ್ತು?"

"ಹೆದರಿಕೆ" ಅಂದ.

ಬಟ್ಟೆ ಕಟ್ಟಿದ ಮೇಲೆ ಮುಟ್ಟಬಾರದು ಎಂಬ ನನ್ನ ಕಟ್ಟಳೆಯನ್ನು ನಮ್ಮ ಶೆಡ್ಡಿನಲ್ಲಿ ಎಲ್ಲರೂ ದಿನಾ ಮುರಿಯುತ್ತಿದ್ದರಂತೆ, ನನ್ನ ಕೈಯಿಂದ ಗಾಡಿ ಉಳಿಸುವುದಕ್ಕೆ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಕೂಲಿಯವರು ಹಿಂದಿನಿಂದ ಪೈರು ನೆಡುತ್ತಿದ್ದರು. ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದವಳು ನೀನೊಬ್ಬಳೇ. ನಿನ್ನ ಹೆಸರನ್ನೇ ನಾನು ಅಳಿಸಿದೆ.

ಇದನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತೇನೆ. ಕಾಗದದಲ್ಲಿ ಬರೆದು ಕಳಿಸಿ ಮುಗಿಸಿಬಿಡುವುದು ಸುಲಭ. ಅಳಿಸಿದ್ದು ಹನ್ನೊಂದು ಜನರ ಎದುರು. ಒಪ್ಪಿಕೊಳ್ಳುವುದೂ ಅವರ ಎದುರೇ ಆಗಬೇಕು.

ಅಮ್ಮ


ಏಪ್ರಿಲ್ ೨೯

ಮಗಳಿಗೆ,

ಗ್ರೀಸ್ ಮೇಸ್ತ್ರಿಗೆ ನಿನ್ನ ಗೇರ್ ಬಾಕ್ಸ್ ಬಿಚ್ಚಲು ಹೇಳಿದ್ದೇನೆ. ಬೇರಿಂಗುಗಳು ನೀಲಿಗಟ್ಟಿವೆ. ಹಲ್ಲಿನ ಚಕ್ರ ಎರಡು ಹೋಗಿವೆ, ಉಳಿದವು ಬಳಸಬಹುದು. ನೀನು ಕೂರಿಸಿದ್ದ ಸೀಲುಗಳನ್ನು ನೋಡಿ ಮೇಸ್ತ್ರಿ, "ಇದನ್ನ ಯಾರು ಕೂರಿಸಿದ್ದು, ನಾನಾ?" ಅಂದ. ಅಲ್ಲ, ಮಗಳು ಅಂದೆ. "ನನಗಿಂತ ಚೆನ್ನಾಗಿದೆ" ಅಂದ. ಮೂವತ್ತು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಕೇಳಿಲ್ಲ. ನಿನಗೆ ತಿಳಿದಿರಲಿ ಎಂದು ಬರೆದೆ.

ಅಲ್ಲಿ ಚಳಿ ಇದೆಯೇ? ಹೊರಡುವಾಗ ದಪ್ಪ ಸ್ವೆಟರು ಒಯ್ದಿರಲಿಲ್ಲ.

ಇನ್ನೇನೂ ವಿಶೇಷವಿಲ್ಲ.

ಅಮ್ಮ


ಮೇ ೧೪

ಅಮ್ಮನಿಗೆ,

ಚಳಿ ಇದೆಯೇ ಎಂದು ಯಜಮಾನಿ ಕೇಳುವುದಿಲ್ಲ, ಆದ್ದರಿಂದ ನೀನು ಎಂದೇ ಬರೆಯುತ್ತಿದ್ದೇನೆ. ಚಳಿ ಇದೆ. ಸ್ವೆಟರು ಇಲ್ಲಿಯೇ ಕೊಂಡೆ.

ಏನೂ ವಿಶೇಷವಿಲ್ಲ ಎಂದು ನೀನು ಬರೆದರೆ ಏನೋ ಇದೆ ಎಂದೇ ಅರ್ಥ. ನಾನು ಕೇಳುವುದಿಲ್ಲ. ನೀನು ಹೇಳಬೇಕಾದದ್ದನ್ನು ಬಾಯಿಗೆ ಕೈ ಹಾಕಿ ತೆಗೆದವರು ಇದುವರೆಗೆ ಯಾರೂ ಇಲ್ಲ.

ನನ್ನ ಸುದ್ದಿ ಇದು. ಇಲ್ಲಿಯ ಕ್ಯಾಂಪಿನವರು ನನ್ನನ್ನು ಖಾಯಂ ಆಗಿ ಇಟ್ಟುಕೊಳ್ಳುತ್ತಾರಂತೆ, ಗಾಡಿ ಎಳೆಯುವ ವಿಭಾಗಕ್ಕೆ ಮುಖ್ಯಸ್ಥೆಯಾಗಿ. ಜೂನ್ ಹತ್ತಕ್ಕೆ ಈ ವರ್ಷದ ಕೊನೆಯ ತಂಡ ಹತ್ತುತ್ತದೆ, ಆಮೇಲೆ ಮಳೆಗೆ ಹಾದಿ ಮುಚ್ಚುತ್ತಾರೆ. ಅಷ್ಟರೊಳಗೆ ಉತ್ತರ ಹೇಳಬೇಕು. ಒಪ್ಪಿಕೊಳ್ಳುತ್ತೇನೆ ಅನ್ನಿಸುತ್ತದೆ. ಒಂದು ಕಡೆ ಹೆಸರು ಅಳಿಸಿದರು, ಇನ್ನೊಂದು ಕಡೆ ಬರೆಯುತ್ತಿದ್ದಾರೆ. ಯಾವ ಕಡೆ ನಿಲ್ಲಬೇಕು, ನೀನೇ ಹೇಳು.

ಜೀಪನ್ನು ಅಣ್ಣನ ಇಷ್ಟದಂತೆ ಮಾಡಿಬಿಡು. ನನ್ನ ಕೈಯಿಂದ ಆ ಹಾದಿ ಹತ್ತುವ ಭಾಗ್ಯ ಅದಕ್ಕಿರಲಿಲ್ಲ. ಮೇಸ್ತ್ರಿಗೆ ನಮಸ್ಕಾರ ಹೇಳು.

ಮಗಳು


ಜೂನ್ ೮, ನಿನ್ನ ಕ್ಯಾಂಪಿನ ಕಚೇರಿಯ ಬೆಂಚಿನ ಮೇಲಿಂದ

ಮಗಳೇ,

ಇದನ್ನು ಅಂಚೆಗೆ ಹಾಕುವ ಅಗತ್ಯವಿಲ್ಲ. ನಿನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೇನೆ. ಜೊತೆಗೆ ಏಪ್ರಿಲ್ ಹದಿನೆಂಟರ ಇನ್ನೊಂದು ಪತ್ರವಿದೆ. ಅದನ್ನು ಮೊದಲು ಓದು, ಆಮೇಲೆ ಇದನ್ನು ಓದು.

ಓದಿದೆಯಾ? ಸರಿ.

ನಾಲ್ಕನೇ ತಾರೀಖು ಬೆಳಗ್ಗೆ ಎಂಟಕ್ಕೆ ಹನ್ನೊಂದೂ ಜನರನ್ನು ಹಲಗೆಯ ಮುಂದೆ ನಿಲ್ಲಿಸಿದೆ. ಹಿಂದಿನ ದಿನ ನಿನ್ನಣ್ಣನಿಗೆ ಹೇಳಿದಾಗ ಕೈ ಹಿಡಿದುಕೊಂಡ. "ಅಮ್ಮ, ಒಳಗೊಳಗೇ ಸರಿ ಮಾಡೋಣ. ಎಲ್ರ ಮುಂದೆ ಹೇಳಿದ್ರೆ ನಿನ್ನ ಮರ್ಯಾದೆ ಏನಾಗುತ್ತೆ?" ಅಂದ. "ಅವಳ ಹೆಸರು ಅಳಿಸುವಾಗ ಯಾರ ಮುಂದೆ ಅಳಿಸಿದೆ? ಆವಾಗ ಅವಳ ಮರ್ಯಾದೆ ಬಗ್ಗೆ ನೀನು ಉಸಿರು ಬಿಡಲಿಲ್ಲವಲ್ಲ" ಅಂದೆ. ಅವನು ಕೈ ಬಿಟ್ಟ.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಮಗಳ ಜೀಪಿನ ಸಣ್ಣ ಗೇರ್ ಹಾಕಿದ್ದು ನಾನು. ಬಟ್ಟೆ ಕಟ್ಟಿದ ಗಾಡಿ ಮುಟ್ಟಿದ್ದು ನಾನು. ಅವಳದ್ದು ಏನೂ ತಪ್ಪಿಲ್ಲ. ನಿಮಗೆಲ್ಲ ಗೊತ್ತಿತ್ತು, ಹೇಳಲಿಲ್ಲ. ಹೇಳೋಕೆ ನಾನು ಬಿಟ್ಟಿರಲಿಲ್ಲ. ಇನ್ನು ಮೇಲೆ ಹೇಳದಿದ್ರೆ ಮಾತ್ರ ಸುಮ್ಮನಿರಲ್ಲ" ಅಂದೆ. ಗ್ರೀಸ್ ಮೇಸ್ತ್ರಿ, "ಹೇಳಿದ್ರೆ ಬಯ್ಯಲ್ವಾ ಯಜಮಾನ್ರೇ?" ಅಂತ ಕೇಳಿದ. "ಬಯ್ತೀನಿ. ಆದ್ರೂ ಹೇಳು" ಅಂದೆ. ಆಗ ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ನಿಂತಿರಲಿಲ್ಲ, ಅದು ನಿನಗೆ ತಿಳಿದಿರಲಿ. ತಪ್ಪು ಒಪ್ಪಿಕೊಳ್ಳುವುದಕ್ಕೂ ನೆಟ್ಟಗೆ ನಿಲ್ಲಬೇಕು.

ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಮೇಲಿನ ನನ್ನ ಹೆಸರು ಅಳಿಸಿದೆ. ಬೇರೆಯವರಿಗೊಂದು ಕಟ್ಟಳೆ, ನನಗೊಂದು ಇಲ್ಲ. ಮೊದಲ ಸಾಲಿನಲ್ಲಿ ನಿನ್ನ ಹೆಸರು ಬರೆದೆ. ನಿನ್ನ ಹಳೆಯ ಜಾಗ ನಾಲ್ಕನೆಯದು. ಮೊದಲನೆಯದು ಶೆಡ್ಡಿನ ಯಜಮಾನಿಯ ಜಾಗ.

ಅಷ್ಟರಲ್ಲಿ ಮೇಸ್ತ್ರಿ ಗೇರ್ ಬಾಕ್ಸ್ ಸರಿಮಾಡಿ ಕೂರಿಸಿದ್ದ. ಜೀಪನ್ನು ಲಾರಿಗೆ ಬಿಗಿದದ್ದು ಉದ್ದಣ್ಣ. ನಾನು ಬಿಗಿಯುವಂತಿಲ್ಲವಲ್ಲ, ಕೈ ಕಟ್ಟಿಕೊಂಡು ಹತ್ತು ಮಾರು ದೂರ ನಿಂತಿದ್ದೆ. ಲಾರಿ ಓಡಿಸುವುದಕ್ಕೆ ಅಡ್ಡಿಯಿಲ್ಲ, ಅದಕ್ಕೆ ಹಲಗೆಯ ಅಪ್ಪಣೆ ಬೇಕಾಗಿಲ್ಲ. "ಈ ವಯಸ್ಸಲ್ಲಿ ಆರುನೂರ ನಲವತ್ತು ಕಿಲೋಮೀಟರಾ?" ಅಂದ ಮೇಸ್ತ್ರಿ. "ಲಾರಿಗೆ ನನ್ ವಯಸ್ಸು ಗೊತ್ತಿಲ್ಲ. ನೀನು ಹೇಳಿಕೊಡಬೇಡ" ಅಂದೆ.

ಎರಡು ಹಗಲು ಹಿಡಿಯಿತು. ಐವತ್ತರ ಮೇಲೆ ಓಡಿಸಲಿಲ್ಲ. ಪ್ರತಿ ಎಂಬತ್ತು ಕಿಲೋಮೀಟರಿಗೆ ಇಳಿದು ಪಿನ್ನು ನೋಡಿದೆ, ಜೀಪಿನ ನಾಲ್ಕೂ ಚಕ್ರದ ನಡುವಿಗೆ ಅಂಗೈ ಇಟ್ಟು ಬಿಸಿ ನೋಡಿದೆ. ಹೊರಗಿನಿಂದಲೇ, ಒಳಗೆ ಕೈ ಹಾಕಲಿಲ್ಲ. ತಿರುವುಗಳಲ್ಲಿ ಕನ್ನಡಿಯೊಳಗೆ ಅದು ನನ್ನ ಹಿಂದೆಯೇ ಬಾಗಿ ಬರುತ್ತಿತ್ತು, ಒಂದು ಗೇಣೂ ಆಚೀಚೆ ವಾಲಲಿಲ್ಲ. ಅಷ್ಟು ನೇರವಾಗಿ ಹಿಂಬಾಲಿಸುವ ಗಾಡಿಯನ್ನು ನಾನು ಎಳೆದಿಲ್ಲ. ಆಕ್ಸಲ್ ಎಷ್ಟು ಸರಿಯಾಗಿ ಕೂರಿಸಿದ್ದೀಯ ಎಂದು ಅಲ್ಲಿ ಗೊತ್ತಾಯಿತು. ಮೂರು ವರ್ಷ ನೀನು ಅದರ ಕೆಳಗೆ ಮಲಗಿದ್ದಾಗ ಬಗ್ಗಿ ನೋಡದೆ ನಾನು ಏನು ಮಾಡುತ್ತಿದ್ದೆ?

ಒಂದು ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನ ಜೀಪಿನ ಸುತ್ತ ಸೇರಿದರು. ಇದೇ ಹಾದಿಗೆ ಬರುತ್ತಿದ್ದವರು, ಮೈತುಂಬ ಹೊಸ ಬಟ್ಟೆ.

"ಅಜ್ಜಿ, ಇದರ ಡ್ರೈವರ್ ಎಲ್ಲಿ?" ಅಂದ ಒಬ್ಬ.

"ನಿನ್ನ ಎದುರಿಗೇ ನಿಂತಿದಾಳಲ್ಲ, ಕಣ್ಣು ಕಾಣ್ಸಲ್ವಾ?"

"ಅಯ್ಯೋ! ಮತ್ತೆ ಜೀಪು ಯಾರದ್ದು? ಯಾವ ಕಂಪನೀಲಿ ಮಾಡ್ಸಿದ್ದು?"

"ಯಾವ ಕಂಪನೀನೂ ಅಲ್ಲ. ನನ್ ಮಗಳು ಮಾಡಿದ್ದು. ಒಂದೊಂದ್ ಬೋಲ್ಟೂ ಅವಳೇ" ಅಂದೆ.

ಅವನು ಅದರ ಕೆಳಗೆ ಬಗ್ಗಿ ಸುಮಾರು ಹೊತ್ತು ನೋಡಿದ. ಎದ್ದು ಬಂದು ನನಗೆ ಕೈ ಮುಗಿದ. ನಿನಗೆ ಸಲ್ಲಬೇಕಾದದ್ದು. ನಾನು ಹಿಡಿದಿಟ್ಟುಕೊಂಡು ಬಂದಿದ್ದೇನೆ, ತೆಗೆದುಕೋ.

ಇಲ್ಲಿಗೆ ಬಂದರೆ ನೀನು ಯಾರದೋ ಗಾಡಿ ಎಳೆಯಲು ಮೇಲೆ ಹೋಗಿದ್ದೀಯ, ಸಂಜೆಗೆ ಇಳಿಯುತ್ತೀಯ ಎಂದರು. ಕಚೇರಿಯ ಹುಡುಗಿ ಚಹಾ ಕೊಟ್ಟಳು. "ನೀವು ಅಕ್ಕನ ತಾಯಿಯಾ? ಅಕ್ಕ ಕೊಕ್ಕೆ ಹಾಕಿದ್ರೆ ನಾವು ತಿರುಗಿ ನೋಡಲ್ಲ" ಅಂದಳು. ಚಹಾ ಚೆನ್ನಾಗಿದೆ ಅಂದೆ.

ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ನನಗೆ ಆ ಕೆಲಸ ಬರುವುದಿಲ್ಲ ಕಣೇ. ಎಳೆಯುವುದು ಬರುತ್ತದೆ, ಎಳೆದು ತಂದಿದ್ದೇನೆ.

ನಾಡಿದ್ದು ಹತ್ತನೇ ತಾರೀಖು. ಕಚೇರಿಯಲ್ಲಿ ಕೇಳಿ ಕೊನೆಯ ತಂಡದಲ್ಲಿ ನಿನ್ನ ಹೆಸರು ಸೇರಿಸಿದ್ದೇನೆ. ಇಲ್ಲಿಯ ಕೆಲಸವೋ ನಮ್ಮ ಶೆಡ್ಡೋ ಎಂದು ನೀನು ಕೇಳಿದ್ದೆ. ನಾನು ಹೇಳುವುದಿಲ್ಲ. ಇಷ್ಟು ವರ್ಷ ಎಲ್ಲರಿಗೂ ಹೇಳಿ ಹೇಳಿ ಏನಾಯಿತು ನೋಡಿದೆಯಲ್ಲ. ಒಂಬತ್ತು ದಿನ ಆ ಹಾದಿಯಲ್ಲಿ ಓಡಿಸು. ಇಳಿದು ಬಂದ ಮೇಲೆ ನಿನಗೆ ತೋಚಿದ್ದು ಮಾಡು.

ಇಲ್ಲಿಯೇ ಉಳಿದರೆ ಉದ್ದಣ್ಣ ಬಂದು ಲಾರಿ ಒಯ್ಯುತ್ತಾನೆ. ಬರುವುದಾದರೆ ನೀನೇ ಓಡಿಸಿಕೊಂಡು ಬಾ. ಒಂದನೇ ನಂಬರಿನ ಲಾರಿಯನ್ನು ಎಲ್ಲಿಗೆ ಒಯ್ದರೂ ಈ ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದವಳಲ್ಲ. ಅದು ಈಗ ನಿನ್ನ ಜೀಪಿನ ಜೊತೆ ಈ ಕಚೇರಿಯ ಎದುರು ನಿಂತಿದೆ. ಕೀಲಿಯ ಗೊಂಚಲು ಈ ಪತ್ರದ ಮೇಲೆಯೇ ಇದೆ. ನಮ್ಮ ಗೇಟಿನದು, ಆಫೀಸಿನದು, ಉಗ್ರಾಣದ್ದು, ಎಲ್ಲವೂ ಅದರಲ್ಲಿವೆ. ನನ್ನ ಬಳಿ ಮನೆಯ ಬಾಗಿಲಿನದು ಮಾತ್ರ ಇಟ್ಟುಕೊಂಡಿದ್ದೇನೆ.

ನಾಲ್ಕು ಗಂಟೆಯ ಬಸ್ಸಿಗೆ ಟಿಕೆಟು ತೆಗೆದಾಗಿದೆ. ಕಿಟಕಿಯ ಪಕ್ಕದ ಸೀಟು. ನೀನು ಇದನ್ನು ಓದುವ ಹೊತ್ತಿಗೆ ನಾನು ಅರ್ಧ ಘಟ್ಟ ಇಳಿದಿರುತ್ತೇನೆ.

ಅಮ್ಮ